ಬೇಸ್‌ಬಾಲ್ ಮುದುಕರ ಆಟ ಆಗ್ತಿದೆಯಾ? ಮಗ ಕೂಡಿಟ್ಟ ಕಾರ್ಡುಗಳಿಗೆ ಮುಂದೆ ಬೆಲೆ ಇರುತ್ತಾ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಹನ್ನೊಂದು ವರ್ಷದ ಮಗನಿಗೆ ಆಟಗಾರರ ಚಿತ್ರ ಇರುವ ಬೇಸ್‌ಬಾಲ್ ಕಾರ್ಡುಗಳ ಹುಚ್ಚು. ಹುಟ್ಟುಹಬ್ಬಕ್ಕೆ ಸಿಕ್ಕ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. ನಮ್ಮ ಯಜಮಾನರು "ಅದು ಮುದುಕರ ಆಟ, ಇನ್ನು ಇಪ್ಪತ್ತು ವರ್ಷಕ್ಕೆ ಯಾರೂ ನೋಡಲ್ಲ, ಕಾರ್ಡೆಲ್ಲ ರದ್ದಿಗೆ" ಅಂತಾರೆ. ಅವರ ಆಫೀಸಿನವರೊಬ್ಬರು "ಶೇರಿಗಿಂತ ಇದೇ ವಾಸಿ, ಕಾಲೇಜಿಗೆ ಎತ್ತಿಟ್ಟ ದುಡ್ಡಲ್ಲೂ ಸ್ವಲ್ಪ ಹಾಕಿ" ಅಂತಿದ್ದಾರೆ. ಯಾರ ಮಾತು ಕೇಳೋಣ ಸರ್?

ಉತ್ತರ: ಕಾಲೇಜಿನ ದುಡ್ಡನ್ನು ಮುಟ್ಟಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ. ನಿಮ್ಮ ಯಜಮಾನರ ಮಾತೂ ಪೂರ್ತಿ ಸರಿಯಲ್ಲ. ಇಬ್ಬರೂ ಒಂದೇ ಕಡೆ ಎಡವುತ್ತಿದ್ದಾರೆ. ಆಟಕ್ಕೆ ಜನ ಬಂದರೆ ಕಾರ್ಡಿನ ಬೆಲೆ ಏರುತ್ತದೆ, ಜನ ಹೋದರೆ ಇಳಿಯುತ್ತದೆ ಎಂದುಕೊಂಡಿದ್ದಾರೆ. ಆಟದ ಭವಿಷ್ಯ ಬೇರೆ, ಕಾರ್ಡಿನ ಭವಿಷ್ಯ ಬೇರೆ. ಒಂದೊಂದಾಗಿ ನೋಡೋಣ.

ಆಟದ ವಿಷಯದಲ್ಲಿ ಯಜಮಾನರ ಮಾತಿಗೆ ಆಧಾರ ಇಲ್ಲದೇ ಇಲ್ಲ. 1978ರಲ್ಲಿ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಒಂದೊಂದು ಪಂದ್ಯವನ್ನು ಅಮೆರಿಕದಲ್ಲಿ ಸರಾಸರಿ 4.4 ಕೋಟಿ ಜನ ಟಿವಿಯಲ್ಲಿ ನೋಡಿದ್ದರು. 2023ರಲ್ಲಿ ಅದು 91 ಲಕ್ಷಕ್ಕೆ ಬಂದು ನಿಂತಿತ್ತು. ಪಂದ್ಯಗಳು ಮೂರು ಗಂಟೆ ದಾಟುತ್ತಿದ್ದವು, ಚೆಂಡು ಎಸೆಯುವ ಪಿಚರ್ ಅದನ್ನು ಹಿಡಿದು ಸುಮ್ನೆ ನಿಂತಿರುತ್ತಿದ್ದ, ಬ್ಯಾಟರ್ ಗ್ಲೌಸ್ ಬಿಚ್ಚಿ ಕಟ್ಟಿ ಮಾಡುತ್ತಿದ್ದ, ಮಕ್ಕಳು ಅಷ್ಟೊತ್ತಿಗೆ ಮಲಗಿಬಿಡುತ್ತಿದ್ದರು. ಆದರೆ ಅದೇ 2023ರಲ್ಲಿ ಗಡಿಯಾರದ ನಿಯಮ ಬಂತು. ಬೇಸ್‌ಗಳ (ಓಟಗಾರರು ನಿಲ್ಲುವ ಜಾಗಗಳು) ಮೇಲೆ ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ ಚೆಂಡು ಎಸೆಯಬೇಕು. ಓಟಗಾರ ಇದ್ದರೆ ಮೊದಲು 20 ಇತ್ತು, ಮರುವರ್ಷ 18 ಮಾಡಿದರು. ಈ ಒಂದು ನಿಯಮದಿಂದ ಪಂದ್ಯದ ಸರಾಸರಿ ಸಮಯ 3 ಗಂಟೆ 4 ನಿಮಿಷದಿಂದ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಆ ವರ್ಷ ಮೈದಾನಕ್ಕೆ ಬಂದವರ ಸಂಖ್ಯೆ 7 ಕೋಟಿ ದಾಟಿತು. ಆಮೇಲಿನ ಎರಡು ವರ್ಷವೂ ಇಳಿಯಲಿಲ್ಲ, ಸ್ವಲ್ಪ ಏರಿತು. 2024ರ ವರ್ಲ್ಡ್ ಸೀರೀಸ್‌ಗೆ ಟಿವಿಯಲ್ಲಿ ಸರಾಸರಿ 1.58 ಕೋಟಿ ಜನ ಸಿಕ್ಕರು. 2025ರದ್ದಂತೂ ಕೊನೆಯ, ಅಂದರೆ ಏಳನೇ ಪಂದ್ಯದ ಹೆಚ್ಚುವರಿ ಹನ್ನೊಂದನೇ ಇನಿಂಗ್ಸ್‌ವರೆಗೆ ಹೋಗಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡ ಗೆದ್ದಿತು. ನೋಡಿದವರು ಯಾರೂ ಇದನ್ನು ಮುದುಕರ ಆಟ ಅನ್ನಲ್ಲ.

ಇನ್ನೊಂದು ಮಾತು. ಇದು ಈಗ ಅಮೆರಿಕದ ಆಟ ಮಾತ್ರ ಅಲ್ಲ. ಅಲ್ಲಿನ ಅತಿ ಮೇಲಿನ ಲೀಗ್ ಆದ ಮೇಜರ್ ಲೀಗ್‌ನಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಆಟಗಾರರು ಹೊರದೇಶದಲ್ಲಿ ಹುಟ್ಟಿದವರು. ಡೊಮಿನಿಕನ್ ರಿಪಬ್ಲಿಕ್ ಎಂಬ ಪುಟ್ಟ ದೇಶ ಒಂದೇ ಸುಮಾರು ನೂರು ಜನರನ್ನು ಕಳಿಸುತ್ತದೆ. ಜಪಾನಿನ ಶೊಹೇ ಒಟಾನಿ 2024ರಲ್ಲಿ ಒಂದೇ ಸೀಸನ್ನಿನಲ್ಲಿ 54 ಹೋಮ್‌ರನ್ (ಕ್ರಿಕೆಟಿನ ಸಿಕ್ಸರ್ ಇದ್ದ ಹಾಗೆ) ಹೊಡೆದು 59 ಬೇಸ್ ಕದ್ದರು, ಅಂದರೆ ಪಿಚರ್ ಎಸೆಯುವಾಗಲೇ ಮುಂದಿನ ಬೇಸ್‌ಗೆ ಓಡಿ ಸೇರಿದರು. 50-50 ಅನ್ನೋದನ್ನು ಅವರಿಗಿಂತ ಮುಂಚೆ ಯಾರೂ ಮಾಡಿರಲಿಲ್ಲ. ಆ ಐವತ್ತನೇ ಹೋಮ್‌ರನ್ನಿನ ಚೆಂಡನ್ನು 43.9 ಲಕ್ಷ ಡಾಲರ್ ಕೊಟ್ಟು ಕೊಂಡಿದ್ದು ತೈವಾನಿನ ಒಂದು ಕಂಪನಿ. ಆಟಕ್ಕೆ ಹೊಸ ಜನ ಎಲ್ಲಿಂದ ಬರುತ್ತಿದ್ದಾರೆ ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಹಾಗಂತ ನನಗೆ ಚಿಂತೆ ಇಲ್ಲ ಅಂತಲ್ಲ. ಟಿವಿ ನೋಡುವವರ ಲೆಕ್ಕಕ್ಕಿಂತ ಆಡುವ ಮಕ್ಕಳ ಲೆಕ್ಕ ನನ್ನನ್ನು ಕಾಡುತ್ತದೆ. ಊರೂರು ಸುತ್ತಿ ಆಡುವ ಟ್ರಾವೆಲ್ ಟೀಮುಗಳು, ಖಾಸಗಿ ಕೋಚು, ದುಬಾರಿ ಬ್ಯಾಟು ಎಲ್ಲ ಸೇರಿ ಇದು ದುಡ್ಡಿದ್ದವರ ಮಕ್ಕಳ ಆಟ ಆಗುತ್ತಿದೆ. 1981ರಲ್ಲಿ ಮೇಜರ್ ಲೀಗ್‌ನ ಆಟಗಾರರಲ್ಲಿ ಶೇ 18.7ರಷ್ಟು ಜನ ಅಮೆರಿಕದ ಕಪ್ಪು ಸಮುದಾಯದವರಿದ್ದರು. ಈಗ ಶೇ 6ರ ಆಸುಪಾಸು. ಮೇಜರ್ ಲೀಗ್‌ನಲ್ಲಿ ವರ್ಣಭೇದದ ಗೋಡೆ ಒಡೆದ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ಆಡಿದ ಆಟದಲ್ಲಿ ಇಂಥ ಸ್ಥಿತಿ ಬಂದಿದೆಯಲ್ಲ ಅಂತ ಬೇಜಾರಾಗುತ್ತದೆ.

ಎರಡನೇ ಚಿಂತೆ ನಿಮ್ಮ ಮನೆ ಪಕ್ಕದ್ದೇ. ಓಕ್ಲೆಂಡ್ ಎ'ಸ್ ತಂಡ 1968ರಿಂದ ಅಲ್ಲೇ ಇತ್ತು. ನಿಮ್ಮ ಫ್ರೀಮಾಂಟ್‌ನಲ್ಲೇ ಅದಕ್ಕೆ ಹೊಸ ಸ್ಟೇಡಿಯಂ ಕಟ್ಟುವ ಯೋಜನೆಯೂ ಒಂದು ಕಾಲದಲ್ಲಿ ಇತ್ತು, 2009ರಲ್ಲಿ ಕೈಬಿಟ್ಟರು. 2024ರ ಸೀಸನ್ ಮುಗಿಸಿ ತಂಡ ಊರು ಬಿಟ್ಟಿತು. ಈಗ ಸ್ಯಾಕ್ರಮೆಂಟೊ ಹತ್ತಿರ ಆಡುತ್ತಿದೆ, ಮುಂದೆ ಲಾಸ್ ವೇಗಸ್. ಅದೇ ಓಕ್ಲೆಂಡ್ ಕೊಲೀಸಿಯಂನಲ್ಲಿ 2025ರಲ್ಲಿ ಮೇಜರ್ ಲೀಗ್ ಕ್ರಿಕೆಟ್ ಪಂದ್ಯಗಳು ನಡೆದವು. ನಮಗೆ ಕ್ರಿಕೆಟ್ ಬಂತು ಅಂತ ಖುಷಿ ಇರಬಹುದು. ಆದರೆ ಅಪ್ಪನ ಹೆಗಲ ಮೇಲೆ ಕೂತು ಎ'ಸ್ ಪಂದ್ಯ ನೋಡಿದ ಮಗುವಿಗೆ ಮುಂದೆ ಬೇಸ್‌ಬಾಲ್ ಮೇಲೆ ಪ್ರೀತಿ ಉಳಿಯುತ್ತದಾ ಅನ್ನೋದು ದೊಡ್ಡ ಪ್ರಶ್ನೆ. ಇದರ ಜೊತೆಗೆ ಮಾಲೀಕರು ಮತ್ತು ಆಟಗಾರರ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹಿಂದಿನ ಸಲ ಹೀಗೆ ಮುಗಿದಾಗ ಮಾಲೀಕರು 99 ದಿನ ಆಟಗಾರರಿಗೆ ಬಾಗಿಲು ಹಾಕಿದ್ದರು. 1994ರ ಮುಷ್ಕರದಲ್ಲಿ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ಆಗ ದೂರ ಹೋದ ಜನ ವಾಪಸ್ ಬರಲು ವರ್ಷಗಳು ಹಿಡಿದವು.

ಒಟ್ಟಿನಲ್ಲಿ ನನ್ನ ಅಂದಾಜು ಇಷ್ಟು. ಇಪ್ಪತ್ತು ವರ್ಷದ ಮೇಲೂ ಬೇಸ್‌ಬಾಲ್ ಗಟ್ಟಿಯಾಗೇ ಇರುತ್ತದೆ. ಇಡೀ ಅಮೆರಿಕ ಒಟ್ಟಿಗೆ ಕೂತು ನೋಡುವ ಆಟವಾಗಿ ಅಲ್ಲ. ಅವರವರ ಊರಿನ ತಂಡದ ಆಟವಾಗಿ, ಜೊತೆಗೆ ಜಪಾನ್, ಕೊರಿಯಾ, ಕೆರಿಬಿಯನ್ ದೇಶಗಳ ಆಟವಾಗಿ.

ಈಗ ಕಾರ್ಡಿಗೆ ಬರೋಣ. ಇಲ್ಲಿ ಬೆಲೆ ನಿಂತಿರುವುದು ಆಟ ಎಷ್ಟು ಜನ ನೋಡುತ್ತಾರೆ ಅನ್ನುವುದಕ್ಕಿಂತ ಎಷ್ಟು ಕಾರ್ಡು ಉಳಿದಿವೆ ಅನ್ನುವುದರ ಮೇಲೆ. ಹಳೇ ಕಾಲದ ದೊಡ್ಡ ಆಟಗಾರ ಹೋನಸ್ ವ್ಯಾಗ್ನರ್ ಆಟ ನೋಡಿದವರು ಇವತ್ತು ಯಾರೂ ಬದುಕಿಲ್ಲ. ಆದರೂ 1909ರ ಸುಮಾರಿಗೆ ಸಿಗರೇಟು ಪ್ಯಾಕಿನಲ್ಲಿ ಬಂದ ಅವರ ಒಂದು ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಆ ಕಾರ್ಡಿನ ಮುದ್ರಣವನ್ನು ಬೇಗ ನಿಲ್ಲಿಸಿದ್ದರು, ಉಳಿದಿರುವುದು ಹತ್ತಾರು ಮಾತ್ರ. ಅದೇ ವರ್ಷ ಟಾಪ್ಸ್ ಕಂಪನಿಯ 1952ರ ಮಿಕಿ ಮ್ಯಾಂಟಲ್ ಕಾರ್ಡು 1.26 ಕೋಟಿ ಡಾಲರಿಗೆ ಮಾರಾಟವಾಯಿತು. ಅದು ಮ್ಯಾಂಟಲ್‌ರ ಮೊದಲ ಕಾರ್ಡೂ ಅಲ್ಲ, ಮೊದಲನೆಯದು 1951ರಲ್ಲಿ ಬೋಮನ್ ಕಂಪನಿ ತಂದದ್ದು. ಆದರೆ 1952ರಲ್ಲಿ ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು ಟಾಪ್ಸ್‌ನವರು 1960ರಲ್ಲಿ ದೋಣಿಗೆ ಹೇರಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಮಾರಾಟವಾದವುಗಳಲ್ಲಿ ಬಹಳಷ್ಟನ್ನು ಮಕ್ಕಳು ಸೈಕಲ್ ಚಕ್ರಕ್ಕೆ ಸಿಕ್ಕಿಸಿ ಪಟಪಟ ಅನ್ನಿಸಿ ಹಾಳು ಮಾಡಿದರು. ಆಗ ಯಾರೂ ಬೆಲೆ ಬರಲಿ ಅಂತ ಕೂಡಿಡಲಿಲ್ಲ. ಅದಕ್ಕೇ ಬೆಲೆ ಬಂತು.

1980ರ ದಶಕದಲ್ಲಿ ಈ ಹಳೇ ಕಾರ್ಡುಗಳ ಬೆಲೆ ಪತ್ರಿಕೆಗಳಲ್ಲಿ ಬರತೊಡಗಿತು. ಎಲ್ಲರೂ ಕೂಡಿಡಲು ಶುರು ಮಾಡಿದರು, ಕಂಪನಿಗಳು ಮಿತಿಯೇ ಇಲ್ಲದೆ ಮುದ್ರಿಸಿದವು. ನಮ್ಮ ಮಲೆನಾಡಿನಲ್ಲಿ ವೆನಿಲ್ಲಾ ರೇಟು ಆಕಾಶಕ್ಕೆ ಹೋದಾಗ ಎಲ್ಲರೂ ತೋಟದಲ್ಲಿ ಬಳ್ಳಿ ಹಬ್ಬಿಸಿದರಲ್ಲ, ಫಸಲು ಕೈಗೆ ಬರುವ ಹೊತ್ತಿಗೆ ಕೇಳುವವರೇ ಇರಲಿಲ್ಲ, ಹಾಗೇ ಆಯಿತು. ಆ ಕಾಲದ ಕಾರ್ಡುಗಳಿಗೆ ಸಂಗ್ರಹಕಾರರೇ ಜಂಕ್ ವ್ಯಾಕ್ಸ್ (ಜಂಕ್ ಅಂದರೆ ಕಸ, ವ್ಯಾಕ್ಸ್ ಅಂದರೆ ಪ್ಯಾಕಿನ ಮೇಣದ ಕಾಗದ) ಅಂತ ಹೆಸರಿಟ್ಟಿದ್ದಾರೆ.

2020ರಲ್ಲಿ ಕೋವಿಡ್ ಬಂದು ಜನ ಮನೆಯಲ್ಲಿ ಕೂತಾಗ ಮತ್ತೆ ಅದೇ ಜ್ವರ ಬಂತು. ಕಾರ್ಡಿನ ಸ್ಥಿತಿ ನೋಡಿ 1ರಿಂದ 10ರವರೆಗೆ ಅಂಕ ಕೊಡುವ, ಅಂದರೆ ಗ್ರೇಡಿಂಗ್ ಮಾಡುವ ಪಿಎಸ್‌ಎ ಸಂಸ್ಥೆ, ಕಾರ್ಡುಗಳ ರಾಶಿ ತಡೆಯಲಾರದೆ 2021ರಲ್ಲಿ ಸ್ವಲ್ಪ ಕಾಲ ಹೆಚ್ಚಿನ ಸೇವೆಗಳನ್ನು ನಿಲ್ಲಿಸಿತು. ಗಲಾಟೆ ಆಗುತ್ತದೆ ಅಂತ ಟಾರ್ಗೆಟ್ ಅಂಗಡಿಗಳಲ್ಲಿ ಮಾರಾಟವನ್ನೇ ಕೆಲ ಕಾಲ ಬಿಟ್ಟರು. 2022ರ ಜನವರಿಯಲ್ಲಿ ಫನಾಟಿಕ್ಸ್ ಕಂಪನಿ ಟಾಪ್ಸ್ ಅನ್ನು ಕೊಂಡಿತು. ಈಗ ಮೇಜರ್ ಲೀಗ್ ಕಾರ್ಡಿನ ವ್ಯವಹಾರ ಹೆಚ್ಚುಕಡಿಮೆ ಒಂದೇ ಕೈಯಲ್ಲಿದೆ. ಎಷ್ಟು ಮುದ್ರಿಸಬೇಕು ಅಂತ ಅವರೇ ತೀರ್ಮಾನಿಸುತ್ತಾರೆ. ಅಪರೂಪ ಅನ್ನುವುದನ್ನೂ ಅವರೇ ತಯಾರಿಸುತ್ತಾರೆ: ಒಂದೇ ಒಂದು ಪ್ರತಿ, ಹತ್ತೇ ಪ್ರತಿ ಅಂತ ನಂಬರ್ ಹಾಕಿ. ನಿಮ್ಮ ಮಗನಿಗೆ ಪಿಟ್ಸ್‌ಬರ್ಗ್ ತಂಡದ ಪಿಚರ್ ಪಾಲ್ ಸ್ಕೀನ್ಸ್ ಕಾರ್ಡಿನ ಕಥೆ ಖಂಡಿತ ಗೊತ್ತಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅವನದೇ ವಯಸ್ಸಿನ ಹುಡುಗನಿಗೆ ಒಂದು ಪ್ಯಾಕಿನಲ್ಲಿ ಸ್ಕೀನ್ಸ್ ಮೊದಲ ಪಂದ್ಯದ ಜೆರ್ಸಿ ಮೇಲಿದ್ದ ಪಟ್ಟಿ ಇರುವ ಒಂದೇ ಒಂದು ಕಾರ್ಡು ಸಿಕ್ಕಿತು. ಪಿಟ್ಸ್‌ಬರ್ಗ್ ತಂಡ ಅದಕ್ಕೆ ಬದಲಾಗಿ 30 ವರ್ಷದ ಸೀಸನ್ ಟಿಕೆಟ್ ಕೊಡುತ್ತೇವೆ ಅಂದಿತು. ಕೊನೆಗೆ ಹರಾಜಿನಲ್ಲಿ 11.1 ಲಕ್ಷ ಡಾಲರ್ ಬಂತು. ನಿಜವಾದ ಕಥೆ, ಆ ಹುಡುಗನ ಮನೆಯವರಿಗೆ ಒಳ್ಳೆಯದಾಯಿತು. ಆದರೆ ದೇಶದ ಅಷ್ಟೂ ಪ್ಯಾಕುಗಳಲ್ಲಿ ಆ ಕಾರ್ಡು ಇದ್ದದ್ದು ಒಂದರಲ್ಲಿ. ಉಳಿದ ಮಕ್ಕಳು ಕೊಟ್ಟ ದುಡ್ಡು ವಾಪಸ್ ಬರಲಿಲ್ಲ.

ಹೊಸ ಹುಡುಗರ ಮೇಲೆ ದುಡ್ಡು ಹಾಕುವುದು ಇನ್ನೂ ಅಪಾಯ. ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 1991ರ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್‌ನ ಯಾಂಕೀಸ್ ತಂಡ ಮೊದಲನೆಯವರಾಗಿ ಆರಿಸಿಕೊಂಡಿದ್ದು ಬ್ರಿಯೆನ್ ಟೇಲರ್ ಎಂಬ ಪಿಚರ್‌ರನ್ನು. ಅವರ ಕಾರ್ಡಿಗೆ ಜನ ಮುಗಿಬಿದ್ದರು. 1993ರಲ್ಲಿ ಒಂದು ಜಗಳದಲ್ಲಿ ಭುಜಕ್ಕೆ ಪೆಟ್ಟಾಯಿತು, ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಇಪ್ಪತ್ತು ವರ್ಷದ ನಂತರದ ಬಗ್ಗೆ ಕೇಳಿದ್ದೀರಿ. ವ್ಯಾಗ್ನರ್, ಮ್ಯಾಂಟಲ್, ರಾಬಿನ್‌ಸನ್, ಒಟಾನಿ ಇಂಥವರ ಒಳ್ಳೇ ಸ್ಥಿತಿಯ ಮೊದಲ ಕಾರ್ಡುಗಳಿಗೆ ಆಗಲೂ ಜನ ಇರುತ್ತಾರೆ. ಮಧ್ಯದ್ದು ಬೀಳುತ್ತದೆ ಅನ್ನೋದು ನನ್ನ ಲೆಕ್ಕ: 50-60ರ ದಶಕದ ಚೆನ್ನಾಗಿ ಆಡಿದ, ಆದರೆ ಮನೆಮಾತಾಗದ ಆಟಗಾರರ ಕಾರ್ಡುಗಳು. ಅವನ್ನು ಪ್ರೀತಿಯಿಂದ ಕೊಳ್ಳುವ ತಲೆಮಾರು ಈಗ ಮಾರುವ ವಯಸ್ಸಿಗೆ ಬಂದಿದೆ. ಇವತ್ತು ಮುದ್ರಣವಾಗುವ ಸಾಮಾನ್ಯ ಕಾರ್ಡುಗಳು ಮುಂದೆಯೂ ಅಗ್ಗವಾಗೇ ಇರುತ್ತವೆ. ಇರಲಿ ಬಿಡಿ. ಹನ್ನೊಂದು ವರ್ಷದವನ ಕೈಗೆ ಸಿಗಬೇಕಾದ್ದು ಅಗ್ಗವಾಗಿಯೇ ಇರಬೇಕು.

ಮಗನಿಗೆ ಇದನ್ನು ಬಿಡಿಸಬೇಡಿ. ತಿಂಗಳಿಗೆ ಇಷ್ಟು ಅಂತ ದುಡ್ಡು ಗೊತ್ತು ಮಾಡಿ. ಪ್ಯಾಕ್ ಒಡೆಯುವುದು ಹಬ್ಬಹುಣ್ಣಿಮೆಗೆ ಸಾಕು, ಉಳಿದ ದಿನ ಇಷ್ಟದ ಆಟಗಾರನ ಬಿಡಿ ಕಾರ್ಡು ಕೊಳ್ಳಲಿ. ಕಾರ್ಡ್ ಶೋಗೆ ಕರೆದುಕೊಂಡು ಹೋಗಿ, ಬೇರೆ ಮಕ್ಕಳ ಜೊತೆ ಅದಲು ಬದಲು ಮಾಡಲಿ. ಲೈವ್ ವಿಡಿಯೋದಲ್ಲಿ ಬಾಕ್ಸ್ ಒಡೆದು ಪಾಲು ಹಂಚುವ "ಬ್ರೇಕ್"ಗಳಿಂದ ಮಾತ್ರ ದೂರ ಇಡಿ. ಅದು ಜೂಜಿನ ಹಾಗೇ ಮನಸ್ಸು ಹಿಡಿಯುತ್ತದೆ. ನನಗೆ ಈ ಹವ್ಯಾಸದ ಭವಿಷ್ಯದ ಬಗ್ಗೆ ಇರುವ ಅತಿ ದೊಡ್ಡ ಭಯವೇ ಅದು. ಇವತ್ತು ಸೋತು ಬೇಜಾರಾಗಿ ಹೋದ ಮಗು ನಲವತ್ತನೇ ವಯಸ್ಸಿನಲ್ಲಿ ಕಾರ್ಡು ಕೊಳ್ಳಲು ವಾಪಸ್ ಬರಲ್ಲ.

ಆಫೀಸಿನವರಿಗೆ ಒಂದು ಮಾತು ಹೇಳಿ: ಅಮೆರಿಕದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟು ಮಾರಿದ ಸಂಗ್ರಹದ ವಸ್ತುವಿನ ಲಾಭಕ್ಕೆ ಶೇ 28ರವರೆಗೆ ತೆರಿಗೆ ಬೀಳಬಹುದು. ಶೇರಿಗೆ ಮೇಲಿನ ಮಿತಿ ಶೇ 20.

ಪ್ರಶ್ನೆ: ಅಮೆರಿಕದಲ್ಲಿದ್ದಾಗ ಗರಾಜ್ ಸೇಲ್‌ನಲ್ಲಿ ಒಂದು ಪೆಟ್ಟಿಗೆ ಕಾರ್ಡು ಕೊಂಡಿದ್ದೆ, 1988ರಿಂದ 1992ರವು. ಈಗ ಮೈಸೂರಿನ ಮನೆಯ ಅಟ್ಟದ ಮೇಲಿವೆ. ಗ್ರೇಡಿಂಗ್‌ಗೆ ಕಳಿಸಲಾ?

ಉತ್ತರ: ಮೇಲೆ ಹೇಳಿದ ಜಂಕ್ ವ್ಯಾಕ್ಸ್ ಅಂದರೆ ಸರಿಯಾಗಿ ಇವೇ. ಹೆಚ್ಚಿನವಕ್ಕೆ ಅಮೆರಿಕಕ್ಕೆ ಕಳಿಸುವ ಖರ್ಚೂ ಹುಟ್ಟಲ್ಲ. ಆದರೆ ಕಟ್ಟು ಬಿಚ್ಚಿ ಒಂದು ಸಲ ನೋಡಿ. 1989ರ ಅಪ್ಪರ್ ಡೆಕ್ ಸೆಟ್ಟಿನ 1ನೇ ನಂಬರಿನ ಕಾರ್ಡು, ಕೆನ್ ಗ್ರಿಫಿ ಜೂನಿಯರ್‌ರದ್ದು, ಇದ್ದರೆ ತೆಗೆದಿಡಿ. ಅದೂ ಹತ್ತಾರು ಸಾವಿರ ಗ್ರೇಡ್ ಆಗಿವೆ, ನಾಲ್ಕೂ ಮೂಲೆ ಚೂಪಾಗಿದ್ದು ಚಿತ್ರ ನಡುವೆ ಕೂತಿದ್ದರೆ ಮಾತ್ರ ಕಳಿಸುವುದರಲ್ಲಿ ಅರ್ಥ ಇದೆ. ಅಟ್ಟದಿಂದ ಇವತ್ತೇ ಇಳಿಸಿ. ಮಳೆಗಾಲದ ತೇವಕ್ಕೆ ಕಾರ್ಡು ಬಾಗುತ್ತದೆ, ಒಂದಕ್ಕೊಂದು ಅಂಟುತ್ತದೆ. ರಬ್ಬರ್ ಬ್ಯಾಂಡ್ ಹಾಕಿದ್ದರೆ ಬಿಚ್ಚಿ.

ಪ್ರಶ್ನೆ: 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಜೊತೆ ಬೇಸ್‌ಬಾಲೂ ಇದೆಯಂತೆ. ನಮ್ಮಲ್ಲಿ ಆ ಆಟ ಬೆಳೆಯುತ್ತಾ? ಕ್ರಿಕೆಟ್ ಕಾರ್ಡಿಗೂ ಮುಂದೆ ಅಂಥ ಬೆಲೆ ಬರುತ್ತಾ? (ಬೆಂಗಳೂರಿನ ಓದುಗರು)

ಉತ್ತರ: ಆಟಗಾರರು ಬರಬಹುದು, ಪ್ರೇಕ್ಷಕರು ಸದ್ಯಕ್ಕೆ ಕಷ್ಟ. ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ, ಬೇರೆಯವರು) ಮತ್ತು ದಿನೇಶ್ ಪಟೇಲ್ 2008ರಲ್ಲಿ ಒಂದು ಟಿವಿ ಸ್ಪರ್ಧೆಯಿಂದ ಆಯ್ಕೆಯಾಗಿ ಪಿಟ್ಸ್‌ಬರ್ಗ್ ತಂಡದ ಜೊತೆ ಒಪ್ಪಂದ ಮಾಡಿಕೊಂಡರು. ಜಾವೆಲಿನ್ ಎಸೆಯುತ್ತಿದ್ದ ಹುಡುಗರು. ಕೆಳಗಿನ ಲೀಗ್‌ಗಳಲ್ಲಿ ಆಡಿದರು, ಮೇಲೆ ಹೋಗಲಾಗಲಿಲ್ಲ. ಈಗಿನ ಭರವಸೆ ಅಮೆರಿಕದಲ್ಲೇ ಬೆಳೆದ ಮಕ್ಕಳದ್ದು. ಭಾರತೀಯ ಮೂಲದ ಅರ್ಜುನ್ ನಿಮ್ಮಲ ಅವರನ್ನು 2023ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಟೊರೊಂಟೊ ಆರಿಸಿಕೊಂಡಿತು. ಅವರು ಮೇಜರ್ ಲೀಗ್‌ನಲ್ಲಿ ನಿಂತರೆ ನಮ್ಮ ಮನೆಗಳಲ್ಲೂ ಟಿವಿ ಹಚ್ಚುತ್ತಾರೆ.

ಕಾರ್ಡಿನ ವಿಷಯದಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಅಮೆರಿಕದಲ್ಲಿ ವರ್ಷಾ ವರ್ಷಾ ಸೆಟ್ ಬಂತು. ಪ್ರತಿ ಕಾರ್ಡಿಗೂ ನಂಬರ್ ಇತ್ತು, ಯಾವುದು ಇದೆ, ಯಾವುದು ಇಲ್ಲ ಅಂತ ಪಟ್ಟಿ ಇತ್ತು, 1979ರಿಂದ ಬೆಕೆಟ್‌ನವರ ಬೆಲೆಪಟ್ಟಿಯೂ ಬಂತು. ಆ ದಾಖಲೆ ಇದ್ದದ್ದಕ್ಕೇ ಸಂಗ್ರಹ ಒಂದು ಪೇಟೆಯಾಗಿ ಬೆಳೆಯಿತು. ನಮ್ಮಲ್ಲಿ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತು. ಹಿಂದೆ ಇದ್ದ ರನ್ನು, ವಿಕೆಟ್ಟು ಲೆಕ್ಕ ಹಾಕಿ ಅಂಗಡಿಗೆ ವಾಪಸ್ ಕೊಟ್ಟು ಬಹುಮಾನ ತಗೊಳ್ಳುತ್ತಿದ್ದೆವು. ಹಾಗಾಗಿ ಉಳಿದದ್ದು ಕಮ್ಮಿ. ಆದರೆ ಅಪರೂಪ ಆದರೆ ಸಾಲದು, ಇದು ಯಾವ ವರ್ಷದ್ದು, ಸೆಟ್ಟಿನಲ್ಲಿ ಎಷ್ಟಿದ್ದವು ಅಂತ ಹೇಳಬಲ್ಲವರು ಬೇಕು, ಕೊಳ್ಳುವವರೂ ಬೇಕು. ಆ ಕೆಲಸ ನಮ್ಮಲ್ಲಿ ಇನ್ನೂ ಆಗಬೇಕಿದೆ, ಯಾರಾದರೂ ಕೂತು ಮಾಡಿದರೆ ನನಗೆ ತುಂಬಾ ಖುಷಿ. ನಿಮ್ಮ ಹಳೇ ಟ್ರಂಕಿನಲ್ಲಿ ಆ ಕಾಲದ ಚಿತ್ರಗಳಿದ್ದರೆ ಎಸೆಯಬೇಡಿ, ಒಂದೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಯಾವ ವರ್ಷ ಎಲ್ಲಿ ಸಿಕ್ಕಿತು ಅಂತ ನೆನಪಿದ್ದಷ್ಟು ಬರೆದಿಡಿ. ಈಗ ಅಂಗಡಿಯಲ್ಲಿ ಸಿಗುವ ಐಪಿಎಲ್ ಕಾರ್ಡುಗಳನ್ನು ಮಕ್ಕಳು ಆಡಲಿ, ಬೆಲೆ ಬರುತ್ತೆ ಅಂತ ಬಾಕ್ಸ್‌ಗಟ್ಟಲೆ ಕೊಂಡಿಡಬೇಡಿ.