ಮನೆಯಲ್ಲೇ ಪ್ರಿಂಟ್‌ಮೇಕಿಂಗ್: ಸಿಟ್ಟು, ದುಃಖ ಹೊರಗೆ ಹಾಕಲು ಲಿನೋಕಟ್, ಮೋನೋಪ್ರಿಂಟ್, ಕೊಲೊಗ್ರಾಫ್‌ಗಳಲ್ಲಿ ಯಾವುದು ಸರಿ?

ಅಚ್ಚೊತ್ತುವ ಪ್ರೆಸ್ ಇಲ್ಲ, ಬಾಡಿಗೆ ಮನೆ, ಹೊರಗೆ ಮಳೆ, ಮನಸ್ಸಿನಲ್ಲಿ ಹೇಳಲಾಗದ ಸಿಟ್ಟು. ಉಡುಪಿಯಲ್ಲಿ ನಾನೂ ಹೀಗೇ ಶುರು ಮಾಡಿದ್ದು. ಅಜ್ಜಿಮನೆ ಪಾಲಾಗಿ, ಮಾವಂದಿರು ಅದನ್ನು ಮಾರಿಬಿಟ್ಟಿದ್ದರು. ಅವರೆದುರು ಮಾತಾಡುವ ಧೈರ್ಯ ನನಗಿರಲಿಲ್ಲ. ಲಿನೋ ಹಾಳೆ (ಕೊರೆದು ಅಚ್ಚು ಮಾಡುವ ಮೆತ್ತನೆ ಶೀಟು), ಉಳಿಗಳ ಸೆಟ್ ತರಿಸಿಕೊಂಡು ಅಡುಗೆಮನೆ ನೆಲದಲ್ಲಿ ಕೂತು ಆ ಮನೆಯ ಹಂಚಿನ ಮಾಡು, ಜಗಲಿ, ಅಂಗಳದ ತುಳಸಿಕಟ್ಟೆ ಎಲ್ಲ ಕೊರೆದೆ. ಅದಕ್ಕೆ ಮಸಿ ಹಚ್ಚಿ, ಮೇಲೆ ಕಾಗದ ಇಟ್ಟು, ಪ್ರೆಸ್ ಬದಲು ತೆಂಗಿನ ಗೆರಟೆ ಸೌಟಿನ ಬೆನ್ನಿನಿಂದ ಉಜ್ಜಿದೆ. ಈಗಲೂ ನನ್ನ ಪ್ರೆಸ್ ಅದೇ.

ಕೆಟ್ಟದ್ದು ಎಲ್ಲಿ ಅಂದರೆ, ನಾನು ಮೊದಲ ಸಲವೇ ರಿಡಕ್ಷನ್ ಪ್ರಿಂಟ್‌ಗೆ ಕೈ ಹಾಕಿದ್ದೆ. ಅದರಲ್ಲಿ ಬ್ಲಾಕ್, ಅಂದರೆ ಕೊರೆದ ಲಿನೋ, ಒಂದೇ. ಮೊದಲು ಎಲ್ಲಾ ಕಾಗದದ ಹಾಳೆಗಳಿಗೂ ತಿಳಿ ಬಣ್ಣ ಹಾಕಬೇಕು, ಆಮೇಲೆ ಅದೇ ಬ್ಲಾಕನ್ನು ಇನ್ನಷ್ಟು ಕೊರೆದು ಮೇಲಿಂದ ಕಡು ಬಣ್ಣ. ಕೊರೆದ ಮೇಲೆ ಹಿಂದಿನ ಬಣ್ಣಕ್ಕೆ ದಾರಿ ಇಲ್ಲ. ಇಂಕ್ ಆಯಿಲ್ ಬೇಸ್ಡ್, ತಿಂಗಳು ಆಟಿ, ಅಂದರೆ ನಮ್ಮ ತುಳುನಾಡಿನ ಜಡಿಮಳೆಯ ತಿಂಗಳು. ಮೊದಲ ಬಣ್ಣವನ್ನು ಮುಟ್ಟಿ ನೋಡಿದೆ, ಬೆರಳಿಗೆ ಹತ್ತಲಿಲ್ಲ. ಒಣಗಿತು ಅಂದುಕೊಂಡು ನಡುನಡುವೆ ಹಳೇ ನ್ಯೂಸ್‌ಪೇಪರ್ ಇಟ್ಟು, ಪೇರಿಸಿ, ಕಪಾಟಿನೊಳಗೆ ಇಟ್ಟೆ. ಆಯಿಲ್ ಇಂಕ್ ನೀರಿನ ಹಾಗೆ ಆರುವುದಲ್ಲ ಮಾರಾಯ್ರೆ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗಬೇಕು. ಮೇಲೆ ಪದರ ಕಟ್ಟಿದರೂ ಒಳಗೆ ಹಸಿ. ಕಪಾಟಿನಲ್ಲಿ ಗಾಳಿಯೇ ಇಲ್ಲ, ಕಾಗದ ಬೇರೆ ನಮ್ಮೂರಿನ ಥಂಡಿ ಕುಡಿದು ಕೂತಿತ್ತು. ತೆಗೆದು ಬಿಡಿಸಿದರೆ ಅಜ್ಜಿಮನೆ ಮಾಡಿನ ಮೇಲೆ ಟೆಂಡರ್ ಜಾಹೀರಾತು, ಅಂಚಿಗೆಲ್ಲ ಬೂಷ್ಟು. ಅಷ್ಟರಲ್ಲಿ ಎರಡನೇ ಬಣ್ಣಕ್ಕೆ ಬ್ಲಾಕ್ ಕೊರೆದು ಮುಗಿಸಿದ್ದೆ. ಹಾಳೆಯೂ ಹೋಯಿತು, ಬ್ಲಾಕೂ ಹೋಯಿತು. ಮಳೆ ಬಿಟ್ಟ ಮೇಲೆ ಹೋಗಿ ಮತ್ತೆ ಸ್ಕೆಚ್ ಮಾಡಿಕೊಳ್ಳೋಣ ಅಂದರೆ ಅಲ್ಲಿ ಹಂಚು ಇಳಿಸಿ ಆಗಿತ್ತು.

(ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಶುರು ಮಾಡಿದ್ದು 1843ರ ಜುಲೈ 1ಕ್ಕೆ. ಆ ಮಳೆಯಲ್ಲಿ ಹಾಳೆ ಹೇಗೆ ಒಣಗಿಸಿದರೋ!)

ದುಃಖಕ್ಕೆ ಯಾವ ಟೆಕ್ನಿಕ್ ಅಂತ ಕೇಳಿದ್ದೀರಿ. ಆ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ. ಭಾವನೆ ನೋಡಿ ಆರಿಸಬೇಡಿ, ತಿಂಗಳು ನೋಡಿ ಆರಿಸಿ. ಲಿನೋ ಕೊರೆಯುವಾಗ ಸಿಟ್ಟಿಗೆ ಪುರುಸೊತ್ತೇ ಇರುವುದಿಲ್ಲ, ಉಳಿ ಜಾರಿ ಎಡಗೈಗೆ ಬೀಳದಿದ್ದರೆ ಸಾಕು ಅನಿಸುತ್ತಿರುತ್ತದೆ. ಜರ್ಮನ್ ಕಲಾವಿದೆ ಕೇಟೆ ಕೋಲ್ವಿಟ್ಸ್ ಅವರ ಮಗ 1914ರಲ್ಲಿ ಯುದ್ಧದಲ್ಲಿ ಸತ್ತ. ಆ ದುಃಖಕ್ಕೆ ಅವರು ಎಚ್ಚಿಂಗ್ (ಲೋಹದ ತಗಡಿನ ಅಚ್ಚು), ಲಿಥೋ (ಕಲ್ಲಚ್ಚು) ಎರಡನ್ನೂ ಮಾಡಿ ನೋಡಿ ಸಮಾಧಾನವಾಗದೆ, ಕೊನೆಗೆ ಮರದಚ್ಚಿಗೆ ಬಂದದ್ದು 1920ರ ಹೊತ್ತಿಗೆ. ಅಂಥವರಿಗೇ ಮಾಡಿ ನೋಡಿದ ಮೇಲೆ ಗೊತ್ತಾದದ್ದು.

ಈಗ ಮಳೆಗಾಲ ಅಂದರೆ ಮೋನೋಪ್ರಿಂಟ್, ಬೇರೆ ಮಾತಿಲ್ಲ. ಕೊಲೊಗ್ರಾಫ್, ಅಂದರೆ ರಟ್ಟಿನ ಮೇಲೆ ಬಟ್ಟೆ, ಎಲೆ ಅಂಥದ್ದನ್ನು ಅಂಟಿಸಿ ಅಚ್ಚು ತೆಗೆಯುವುದು, ಪ್ರೆಸ್ ಇಲ್ಲದೆ ಸುಮ್ಮನೆ ಕಷ್ಟ. ಒಂದು ಗಾಜಿನ ತುಂಡು ತನ್ನಿ, ಅಂಚಿಗೆ ಟೇಪ್ ಸುತ್ತಿ. ವಾಟರ್ ಬೇಸ್ಡ್ ಇಂಕನ್ನು ರೋಲರ್‌ನಲ್ಲಿ ತೆಳ್ಳಗೆ ಹರಡಿ, ಕಾಗದ ಮೆಲ್ಲಗೆ ಇಟ್ಟು, ಹಿಂಬದಿಯಿಂದ ಪೆನ್ಸಿಲಿನಲ್ಲಿ ಗೀಚಿ. ಗೀಚಿದ ಗೆರೆ ಮಾತ್ರ ಅಲ್ಲ, ಅಂಗೈ ಒತ್ತಿದಲ್ಲೂ ಮಸಿ ಹತ್ತುತ್ತದೆ, ನನಗೆ ಅದೇ ಇಷ್ಟ. ಅಕ್ಷರ ಬರೆದರೆ ತಿರುವುಮುರುವು ಬರುತ್ತದೆ, ಯಾರಿಗಾದರೂ ಬೈದು ಬರೆಯುವುದಿದ್ದರೆ ಅದೊಂದು ಅನುಕೂಲ. ಬೇಗ ಬೇಗ ಮಾಡಿ, ಈ ಇಂಕ್ ಫ್ಯಾನ್ ಗಾಳಿಗೆ ಗಾಜಿನ ಮೇಲೇ ಒಣಗಿಬಿಡುತ್ತದೆ.

ಲಿನೋ ಬೇಕೇ ಬೇಕು ಅಂತಿದ್ದರೆ ದೀಪಾವಳಿ ಕಳೆದ ಮೇಲೆ ತರಿಸಿ. ಹಾಳೆಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ಬಿಡಿಬಿಡಿಯಾಗಿ ನೇತುಹಾಕಿ. ಮೊದಲ ಬಣ್ಣ ಪೂರ್ತಿ ಗಟ್ಟಿಯಾಗುವವರೆಗೆ ಉಳಿ ಮುಟ್ಟಬೇಡಿ.