ಮೈ ತುಂಬ ಕಚ್ಚಿದ ಗಾಯ ಇರುವ ಪಿಟ್‌ಬುಲ್ ಸಿಕ್ಕಿದೆ. ಇದನ್ನು ಸಾಕಬಹುದಾ?

ನೀವು ಕೇಳಿದ್ದು ಇದು: ಕಾರವಾರದ ಹತ್ತಿರ ಹೆದ್ದಾರಿ ಪಕ್ಕ ಪಿಟ್‌ಬುಲ್ ಥರದ ಗಂಡು ನಾಯಿ ಸಿಕ್ಕಿದೆ. ಮುಖ, ಮುಂಗಾಲಿನ ತುಂಬ ಗಾಯ, ಕೆಲವು ಹಳೆಯವು, ಕೆಲವು ಹಸಿ. ಕಿವಿ ಕತ್ತರಿಸಿದ್ದಾರೆ. ಕಾದಾಟಕ್ಕೆ ಬಿಟ್ಟ ನಾಯಿ, ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡಿ ಅಂತ ಅಕ್ಕಪಕ್ಕದವರು ಹೇಳುತ್ತಿದ್ದಾರೆ. ಶಿರಸಿಯ ಗೆಳೆಯರೊಬ್ಬರು ತೋಟ ಕಾಯಲು ಕೊಡಿ ಅಂತ ಕೇಳಿದ್ದಾರೆ.

ನಾನು ಕುಮಟಾದವನು. ಡಾಕ್ಟರಲ್ಲ. ಗಾಯವಾದ ನಾಯಿಗಳನ್ನು ಮನೆಯಲ್ಲಿಟ್ಟು ನೋಡಿಕೊಂಡ ಅಭ್ಯಾಸ ಇದೆ, ಅದರಲ್ಲಿ ಇಂಥವೂ ಇದ್ದವು. ನನ್ನ ಉತ್ತರ ಇಷ್ಟೇ: ಈಗಲೇ ಏನೂ ತೀರ್ಮಾನ ಮಾಡಬೇಡಿ. ನೋವಲ್ಲಿರುವ ನಾಯಿಯ ನಿಜವಾದ ಸ್ವಭಾವ ಯಾರಿಗೂ ಕಾಣುವುದಿಲ್ಲ.

ಎಲ್ಲಕ್ಕಿಂತ ಮೊದಲು ನಿಮ್ಮ ಕೈ ನೋಡಿಕೊಳ್ಳಿ. ಎಲ್ಲಿಂದ ಬಂತು, ಯಾವ ನಾಯಿ ಇದನ್ನು ಕಚ್ಚಿತು ಅಂತ ಗೊತ್ತಿಲ್ಲ. ರೇಬಿಸ್ ಕಾಣಿಸಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಎತ್ತುವಾಗ ಹಲ್ಲು ತಾಗಿದ್ದರೆ ಅಥವಾ ನಿಮ್ಮ ಕೈಯ ಗಾಯಕ್ಕೆ ಜೊಲ್ಲು ತಾಗಿದ್ದರೆ, ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಕೊಡುತ್ತಾರೆ. ಮೊದಲ ಡೋಸು ಹಾಕಿಸಿಕೊಂಡು ಸುಮ್ಮನಾಗಬೇಡಿ, ಹೇಳಿದ ದಿನಕ್ಕೆಲ್ಲ ಹೋಗಿ. ರಕ್ತ ಬಂದಿದ್ದರೆ ಇಮ್ಯುನೋಗ್ಲೋಬ್ಯುಲಿನ್ (ಲಸಿಕೆಯ ಜೊತೆಗೆ ಗಾಯಕ್ಕೇ ಕೊಡುವ ಇಂಜೆಕ್ಷನ್) ಬೇಕಾ ಅಂತಲೂ ಕೇಳಿ.

ಇನ್ನು, ಇದು ಕಾದಾಟದ ನಾಯಿಯೇ ಹೌದಾ? ಕೋಳಿ ಅಂಕ ನಮ್ಮ ಕರಾವಳಿಯವರಿಗೆ ಹೊಸದಲ್ಲ. ಆದರೆ ಹಣ ಕಟ್ಟಿ ನಾಯಿ ಕಾದಾಡಿಸುವ ಸುದ್ದಿ ಜಾಸ್ತಿ ಬರುವುದು ಪಂಜಾಬ್, ಹರಿಯಾಣದ ಕಡೆಯಿಂದ. ಇಲ್ಲಿ ಇಲ್ಲವೇ ಇಲ್ಲ ಅಂತ ಅಲ್ಲ, ಬೇರೆ ಕಾರಣವೂ ಇರಬಹುದು ಅಂತ ಅಷ್ಟೇ. ಘಟ್ಟದ ಮೇಲೆ ಹಂದಿ ಬೇಟೆಗೆ ಒಯ್ದ ನಾಯಿಗಳೂ ಹರಿದುಕೊಂಡು ಬರುತ್ತವೆ. ಆದರೆ ಹಂದಿಯ ಕೋರೆಯ ಗಾಯ ಚೂರಿಯಲ್ಲಿ ಸೀಳಿದ ಹಾಗೆ ಉದ್ದಕ್ಕೆ ಇರುತ್ತದೆ, ಹೆಚ್ಚಾಗಿ ಎದೆ, ಹೊಟ್ಟೆ, ತೊಡೆಯಲ್ಲಿ. ಚಿರತೆ ಹಿಡಿದಿದ್ದರೆ ಕುತ್ತಿಗೆಯಲ್ಲಿ ತೂತು. ಎದುರೆದುರು ನಿಂತು ಮತ್ತೆ ಮತ್ತೆ ಕಾದಾಡಿದ ನಾಯಿಗೆ ಮೂತಿ, ಕೆನ್ನೆ, ಕಿವಿಯ ಬುಡ, ಮುಂಗಾಲು ಹೀಗೆ ಒಂದೇ ಕಡೆ, ಬೇರೆ ಬೇರೆ ಕಾಲದ ಗಾಯಗಳು ಒಂದರ ಮೇಲೊಂದು. ನೀವು ಹೇಳಿದ ಲಕ್ಷಣ ಇದಕ್ಕೇ ಹೊಂದುತ್ತದೆ. ಕಿವಿ ಕತ್ತರಿಸಿದ್ದಕ್ಕೆ ಮಾತ್ರ ಅಷ್ಟು ಬೆಲೆ ಕೊಡಬೇಡಿ. ಸುಮ್ನೆ ಶೋಕಿಗೆ ಕತ್ತರಿಸುವವರು ಬೇಕಾದಷ್ಟಿದ್ದಾರೆ.

ಗಾಯದ ವಿಷಯಕ್ಕೆ ಬರುತ್ತೇನೆ. ಜನ ಮೋಸ ಹೋಗುವುದು ಇಲ್ಲೇ. ನಾಯಿ ಕಚ್ಚಿದ ಗಾಯ ಹೊರಗಿಂದ ನೋಡಿದರೆ ಸಣ್ಣ ತೂತು, ಮೇಲೆ ಒಂದು ಹೆಪ್ಪು. ಕಚ್ಚಿ ಹಿಡಿದು ಕೊಡವಿದಾಗ ಒಳಗೆ ಚರ್ಮ ಮಾಂಸದಿಂದ ಬಿಟ್ಟು, ಚೀಲದಂತೆ ಪೊಳ್ಳಾಗಿರುತ್ತದೆ. ಕೂದಲು ಬೋಳಿಸಿ, ಭುಜದ ಒಂದು ತೂತಿಗೆ ಡಾಕ್ಟರು ಸಿರಿಂಜಿನಿಂದ ಸಲೈನ್ ಹಾಕಿದ್ದು ಪಕ್ಕೆಲುಬಿನ ಹತ್ತಿರದ ಇನ್ನೊಂದು ತೂತಿನಿಂದ ಹೊರಗೆ ಬಂದದ್ದನ್ನು ನೋಡಿದ್ದೇನೆ. ಮಧ್ಯದಲ್ಲಿ ಚರ್ಮದ ಮೇಲೆ ಒಂದು ಗೀರೂ ಇರಲಿಲ್ಲ. ಅದಕ್ಕೇ ಇಂಥ ಗಾಯವನ್ನು ಹೆಚ್ಚಾಗಿ ಪೂರ್ತಿ ಹೊಲಿಯುವುದಿಲ್ಲ. ಕೀವು ಹೊರಗೆ ಬರಲು ದಾರಿ ಬಿಡುತ್ತಾರೆ, ಅದು ಬುಡದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು. 'ಹೊಲಿಗೆಯನ್ನೇ ಹಾಕಲಿಲ್ಲ' ಅಂತ ಡಾಕ್ಟರ ಮೇಲೆ ಸಿಟ್ಟಾಗಬೇಡಿ. ಕೆಲವು ದಿನ ಬಿಟ್ಟು ಅಲ್ಲಲ್ಲಿ ಚರ್ಮ ಕಪ್ಪಾಗಿ ಕಿತ್ತು ಬಂದರೂ ಗಾಬರಿ ಬೇಡ. ಜಜ್ಜಿಹೋಗಿ ರಕ್ತ ಸಿಗದ ಚರ್ಮ ಅದು. ಡಾಕ್ಟರಿಗೆ ತೋರಿಸಿ, ಅವರು ಕತ್ತರಿಸಿ ತೆಗೆಯುತ್ತಾರೆ. ಆ್ಯಂಟಿಬಯೋಟಿಕ್ ಮಾತ್ರ ಹೇಳಿದಷ್ಟು ದಿನ ಪೂರ್ತಿ ಕೊಡಿ.

ಮಳೆಗಾಲವಾದರೆ ಹುಳದ ಕಾಟ ಬೇರೆ. ಗಾಯ ನಾತ ಬಂದರೆ, ಒಳಗೆ ಮಿಣಮಿಣ ಆಡುವುದು ಕಂಡರೆ ಅದು ಹುಳವೇ. ಸೀಮೆಎಣ್ಣೆ, ಫಿನಾಯಿಲ್, ತಂಬಾಕಿನ ಪುಡಿ ಹಾಕಿ ಅನ್ನುವ ಹಿರಿಯರು ಎಲ್ಲ ಊರಲ್ಲೂ ಇರುತ್ತಾರೆ. ಬೇಡ ಮಾರಾಯ್ರೆ. ನಾಯಿ ಅದನ್ನು ನೆಕ್ಕುತ್ತದೆ, ವಿಷ ಒಳಗೆ ಹೋಗುತ್ತದೆ. ಜೇನುತುಪ್ಪ ಹಚ್ಚಬಹುದಾ ಅಂತ ಶಿರಸಿ ಕಡೆಯವರು ಕೇಳುತ್ತಾರೆ. ತೆರೆದ ಗಾಯಕ್ಕೆ ಜೇನು ಹಚ್ಚಿ ಕಟ್ಟುವುದು ಪಶುವೈದ್ಯರಲ್ಲೂ ಇರುವ ಪದ್ಧತಿಯೇ. ಆದರೆ ಹುಳ ತೆಗೆದು, ತೊಳೆದು, ಅವರು ಹೇಳಿದ ಮೇಲೆ ಮಾತ್ರ. ಮೇಲೆ ಬ್ಯಾಂಡೇಜ್ ಇಲ್ಲದಿದ್ದರೆ ಇರುವೆ ಸಾಲು ಹಿಡಿಯುತ್ತದೆ. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಮನುಷ್ಯರ ಆ ಮಾತ್ರೆಗಳು ನಾಯಿಯ ಲಿವರು, ಕಿಡ್ನಿ, ಹೊಟ್ಟೆ ಹಾಳು ಮಾಡುತ್ತವೆ.

ಒಂದು ವಿಷಯ ನೀವೇ ನೆನಪು ಮಾಡಿ ಕೇಳಬೇಕು: ರಕ್ತ ಪರೀಕ್ಷೆ. ಬಬೇಸಿಯಾ ಗಿಬ್ಸೋನಿ ಅನ್ನುವ ರಕ್ತದ ಪರಾವಲಂಬಿ ಇದೆ. ಉಣ್ಣಿಯಿಂದ ಬರುವುದು ಎಲ್ಲರಿಗೂ ಗೊತ್ತು. ಆದರೆ ನಾಯಿ ನಾಯಿ ಕಚ್ಚಾಡಿದಾಗಲೂ ಒಂದರ ರಕ್ತದಿಂದ ಇನ್ನೊಂದಕ್ಕೆ ದಾಟುತ್ತದೆ. ಕಾದಾಟದ ಪಿಟ್‌ಬುಲ್‌ಗಳಲ್ಲಿ ಇದು ಜಾಸ್ತಿ. ಒಸಡು ಬಿಳಿಚಿಕೊಂಡಿದ್ದರೆ, ಮೂತ್ರ ಕೆಂಪಾಗಿದ್ದರೆ, ಗಾಯ ಒಣಗಿದರೂ ನಾಯಿ ಏಳದಿದ್ದರೆ ಇದನ್ನೇ ಅನುಮಾನಿಸಬೇಕು. ಊಟ ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕೈದು ಸಲ ಹಾಕಿ. ಬಡಕಲಾಗಿದೆ ಅಂತ ಒಂದೇ ಸಲ ಬುಟ್ಟಿ ಅನ್ನ, ಬಂಗಡೆ ಸುರಿದರೆ ಹಸಿದ ದೇಹ ತಡೆಯುವುದಿಲ್ಲ.

ಈಗ ಸ್ವಭಾವ. ಜನ ತಿಳಿದಿರುವುದು, ಕಾದಾಡಿದ ನಾಯಿ ಮನುಷ್ಯರನ್ನೂ ಹರಿಯುತ್ತದೆ ಅಂತ. ಹಾಗೇ ಆಗಬೇಕು ಅಂತೇನಿಲ್ಲ. ಕಣದಲ್ಲಿ ನಾಯಿಯನ್ನು ಹಿಡಿಯುವವನು, ಎಳೆಯುವವನು, ಗಾಯ ತೊಳೆಯುವವನು ಮನುಷ್ಯನೇ ಅಲ್ವಾ? ಅವನನ್ನೇ ಕಚ್ಚುವ ನಾಯಿ ಅವರಿಗೂ ಬೇಡ. ಹಾಗಾಗಿ ಇವುಗಳಲ್ಲಿ ಎಷ್ಟೋ ನಾಯಿಗಳು ನಮ್ಮ ಹತ್ತಿರ ಮೆತ್ತಗಿರುತ್ತವೆ, ಇನ್ನು ಕೆಲವು ಹೆದರಿ ಮುದುಡುತ್ತವೆ. ನನ್ನ ಹತ್ತಿರ ಇದ್ದ ಒಂದು ಹೆಣ್ಣು ನಾಯಿ ಪೊರಕೆ ಎತ್ತಿದರೆ ಏನೂ ಅನ್ನುತ್ತಿರಲಿಲ್ಲ. ಕೊಡೆ ಬಿಡಿಸುವ ಟಪ್ ಸದ್ದಿಗೆ ಮಾತ್ರ ನಿಂತಲ್ಲೇ ಉಚ್ಚೆ ಹೊಯ್ಯುತ್ತಿತ್ತು. ಆಷಾಢದಲ್ಲಿ ಕುಮಟಾದಲ್ಲಿ ಕೊಡೆ ಬಿಡಿಸದೆ ಇರಲು ಆಗುತ್ತದಾ? ಮನೆಯವರೆಲ್ಲ ರಸ್ತೆಗೆ ಹೋಗಿ ಕೊಡೆ ಬಿಡಿಸುವುದು ರೂಢಿಯಾಯಿತು.

ಅಪಾಯ ಇರುವುದು ಬೇರೆ ನಾಯಿಗಳ ಜೊತೆ. ಸಾಮಾನ್ಯ ನಾಯಿ ಮೊದಲು ಗುರ್ ಅನ್ನುತ್ತದೆ, ಬೆನ್ನ ಕೂದಲು ನಿಮಿರಿಸುತ್ತದೆ. ಇವುಗಳಲ್ಲಿ ಕೆಲವು ಏನೂ ಸೂಚನೆ ಕೊಡದೆ ನೇರ ಹಾರುತ್ತವೆ. ನಮ್ಮೂರಲ್ಲಿ ಬೀದಿ ನಾಯಿ ಅಂಗಳಕ್ಕೆ ಬಂದು ಹೋಗುವುದು ಮಾಮೂಲು. ಆದ್ದರಿಂದ ನಾಯಿಗಿಂತ ಮೊದಲು ನಿಮ್ಮ ಚಿರೆಕಲ್ಲಿನ ಪಾಗಾರ ನೋಡಿ. ಹಾರುವಷ್ಟು ಗಿಡ್ಡ ಇದೆಯಾ, ಗೇಟಿನ ಅಡಿ ಸಂದಿ ಇದೆಯಾ? ಮೊದಲ ಕೆಲವು ವಾರ ಹಿಂದಿನ ಜಗಲಿಯಲ್ಲೋ ಒಂದು ಕೋಣೆಯಲ್ಲೋ ಇಡಿ. ನೆಂಟರು, ನಾಯಿ ನೋಡಲು ಬರುವ ಮಕ್ಕಳು, ಯಾರೂ ಬೇಡ. ಸರಪಳಿ ಕಟ್ಟಬೇಡಿ, ಇಷ್ಟು ದಿನ ಅದು ಸರಪಳಿಯಲ್ಲೇ ಇದ್ದಿರಬಹುದು. ಉಸಿರಾಡಲು, ನೀರು ಕುಡಿಯಲು ಆಗುವ ಬುಟ್ಟಿಯ ಥರದ ಬಾಯಿಕುಕ್ಕೆ ಅಭ್ಯಾಸ ಮಾಡಿಸಿ. ಅದರೊಳಗೆ ತಿಂಡಿ ಇಟ್ಟರೆ ತಾನಾಗಿ ಮೂತಿ ತೂರಿಸುತ್ತದೆ. ಟ್ಯಾಗೋರ್ ಬೀಚಿನಲ್ಲಿ ಬಿಟ್ಟು ಓಡಿಸುವ ಆಸೆ ಇದ್ದರೆ ಬಿಟ್ಟುಬಿಡಿ. ಆಮೇಲೂ ಅದು ಬೇರೆ ನಾಯಿಗೆ ಒಗ್ಗದೆ ಹೋಗಬಹುದು, ಸಾಯುವವರೆಗೂ. ಆದರೂ ಅದು ಒಂಟಿಯಾಗಿ ಆರಾಮಾಗಿ ಬದುಕುತ್ತದೆ.

ಮುಗಿಸಿಬಿಡಿ ಅನ್ನುವವರಿಗೆ ಒಂದು ಉದಾಹರಣೆ ಕೊಡಿ. ಅಮೆರಿಕದ ವರ್ಜೀನಿಯಾದಲ್ಲಿ 2007ರಲ್ಲಿ ಫುಟ್‌ಬಾಲ್ ಆಟಗಾರ ಮೈಕೆಲ್ ವಿಕ್‌ನ ಜಾಗದಿಂದ, ಕಾದಾಟಕ್ಕೆ ಅಂತ ಸಾಕಿದ್ದ 50ರ ಆಸುಪಾಸು ಪಿಟ್‌ಬುಲ್‌ಗಳನ್ನು ಪೊಲೀಸರು ಹಿಡಿದರು. ಅಲ್ಲಿಯವರೆಗೆ ಹೀಗೆ ಹಿಡಿದ ನಾಯಿಗಳನ್ನು ಸಾಮಾನ್ಯವಾಗಿ ಕೊಂದೇಬಿಡುತ್ತಿದ್ದರು. ಆ ಸಲ ತಜ್ಞರು ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿದರು. ಆಕ್ರಮಣದ ಸ್ವಭಾವದ ಕಾರಣಕ್ಕೆ ಕೊಲ್ಲಬೇಕಾಗಿ ಬಂದದ್ದು ಒಂದನ್ನು ಮಾತ್ರ. 22 ನಾಯಿ ಯೂಟಾ ರಾಜ್ಯದಲ್ಲಿ ಪ್ರಾಣಿಗಳಿಗೆ ಆಶ್ರಯ ಕೊಡುವ ಬೆಸ್ಟ್ ಫ್ರೆಂಡ್ಸ್ ಸಂಸ್ಥೆಗೆ ಹೋದವು. ಅವುಗಳಲ್ಲಿ ಎಷ್ಟೋ ಮನೆ ಸೇರಿದವು, ಕೆಲವು ಕೊನೆವರೆಗೂ ಅಲ್ಲೇ ಉಳಿದವು. ಮನುಷ್ಯರ ಮೇಲೆಯೇ ಏರಿ ಬರುವ, ಇಲ್ಲವೇ ವಾಸಿಯಾಗದ ನೋವಲ್ಲಿರುವ ನಾಯಿಗೆ ದಯಾಮರಣ ಕೊಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಅದನ್ನು ಪಶುವೈದ್ಯರು ನೋಡಿ ಹೇಳಬೇಕು, ಪಕ್ಕದ ಮನೆಯವರಲ್ಲ.

ಪೊಲೀಸರಿಗೆ ದೂರು ಕೊಡಿ. ಗಾಯ ತೊಳೆಯುವ ಮೊದಲೇ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ಡಾಕ್ಟರ ಹತ್ತಿರ ಗಾಯದ ವಿವರ ಬರೆಸಿಕೊಳ್ಳಿ. ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ! ಅಷ್ಟಕ್ಕೆ ಕಾರವಾರದಲ್ಲಿ ಒಂದು ಮೀನೂಟ ಸಿಗುವುದಿಲ್ಲ. ಅದಕ್ಕೆ ದೂರಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಕೂಡ ಸೇರಿಸಲು ಕೇಳಿ. ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ 5 ವರ್ಷದವರೆಗೆ ಜೈಲು ಇದೆ. ನಾಳೆ ಯಾರಾದರೂ 'ನಮ್ಮ ನಾಯಿ' ಅಂತ ಬಂದರೆ ಸುಮ್ನೆ ಕೊಟ್ಟು ಕಳಿಸಬೇಡಿ, ಠಾಣೆಗೆ ಬನ್ನಿ ಅನ್ನಿ.

ಕೊನೆಗೆ ನಿಮ್ಮ ಶಿರಸಿ ಗೆಳೆಯರು. ಕೊಡಬೇಡಿ. ತೋಟ ಕಾಯಲು ಅಂದರೆ ಹಗಲೆಲ್ಲ ಸರಪಳಿ, ರಾತ್ರಿ ಬಿಡುಗಡೆ. ರಾತ್ರಿ ತೋಟಕ್ಕೆ ಬರುವುದು ಹಂದಿ, ಚಿರತೆ, ಪಕ್ಕದ ಮನೆಯ ನಾಯಿ. ಕಾದಾಟದಿಂದ ಬಂದದ್ದನ್ನು ಮತ್ತೆ ಅದಕ್ಕೇ ಬಿಟ್ಟ ಹಾಗಾಯಿತು. ಬೇರೆ ನಾಯಿ ಇಲ್ಲದ, ಸಣ್ಣ ಮಕ್ಕಳಿಲ್ಲದ, ಮನೆಯೊಳಗೆ ಮಲಗಿಸುವ ಜನ ಸಿಕ್ಕರೆ ಯೋಚನೆ ಮಾಡಿ. ಯಾರಿಗೇ ಕೊಡಿ, ನೀವೇ ಇಟ್ಟುಕೊಳ್ಳಿ, ಮೈ ಸುಧಾರಿಸಿದ ಕೂಡಲೇ ಸಂತಾನಹರಣ ಆಪರೇಷನ್ ಮಾಡಿಸಿ. ಇಂಥ ಗಂಡು ನಾಯಿಯಿಂದ ಮರಿ ಮಾಡಿಸಿ ಮಾರುವವರು ಹುಡುಕಿಕೊಂಡು ಬರುತ್ತಾರೆ.