ಕೆಂಪು ಅಟ್ಟೆ ಯಾರಪ್ಪನ ಸ್ವತ್ತು?

ಪ್ರಶ್ನೆ: ಕೆಂಪು ಅಟ್ಟೆಯ ಶೂ ಅಂದರೆ ಅದು ಲೂಬುಟಾನ್ ಕಂಪನಿಯದ್ದು ಮಾತ್ರ, ಬೇರೆಯವರು ಮಾಡಿದರೆ ಕೇಸು ಬೀಳುತ್ತೆ ಅಂತಾರೆ. ಬಣ್ಣವನ್ನೂ ಒಬ್ಬರ ಹೆಸರಿಗೆ ಬರೆದುಕೊಡೋದಾ? ಇದೆಂಥ ನ್ಯಾಯ?

ಉತ್ತರ: ಪೂರ್ತಿ ಬರೆದುಕೊಟ್ಟಿಲ್ಲ, ಗಾಬರಿ ಬೇಡ. ಫ್ರಾನ್ಸಿನ ಶೂ ಡಿಸೈನರ್ ಕ್ರಿಶ್ಚಿಯನ್ ಲೂಬುಟಾನ್ 1990ರ ದಶಕದ ಶುರುವಿನಲ್ಲಿ ಸಹಾಯಕಿಯ ನೇಲ್ ಪಾಲಿಶ್ ತೆಗೆದುಕೊಂಡು ಶೂವಿನ ಅಟ್ಟೆಗೆ ಬಳಿದರಂತೆ. ಹಾಗಂತ ಅವರೇ ಹೇಳಿಕೊಂಡು ಬಂದಿದ್ದಾರೆ. 2008ರಲ್ಲಿ ಅಮೆರಿಕದಲ್ಲಿ ಆ ಕೆಂಪು ಅಟ್ಟೆಗೆ ಟ್ರೇಡ್‌ಮಾರ್ಕ್ ಸಿಕ್ಕಿತು. 2011ರಲ್ಲಿ ಇವ್ ಸಾಂ ಲೊರಾಂ ಕಂಪನಿ ಮೇಲೂ ಕೆಂಪು, ಕೆಳಗೂ ಕೆಂಪು ಇರುವ ಶೂ ಮಾರಾಟಕ್ಕೆ ಇಟ್ಟಿತು. ಶುರುವಾಯಿತು ಜಗಳ.

ಕೆಳಗಿನ ಕೋರ್ಟು ಲೂಬುಟಾನ್‌ಗೆ ತಡೆಯಾಜ್ಞೆ ಕೊಡಲಿಲ್ಲ. ಫ್ಯಾಷನ್ನಿನಲ್ಲಿ ಬಣ್ಣ ಅಂದರೆ ಕಸುಬಿನ ಮೂಲ ಸಾಮಾನು, ಅದನ್ನು ಒಬ್ಬರೇ ಹಿಡಿದಿಟ್ಟುಕೊಂಡರೆ ಉಳಿದವರು ಏನು ಮಾಡಬೇಕು ಅನ್ನುವುದು ಆ ನ್ಯಾಯಾಧೀಶರ ಲೆಕ್ಕಾಚಾರ. ಆದರೆ 2012ರಲ್ಲಿ ಮೇಲಿನ ಕೋರ್ಟು ನಡುದಾರಿ ಹಿಡಿಯಿತು. ಶೂವಿನ ಮೇಲ್ಭಾಗ ಬೇರೆ ಬಣ್ಣ ಇದ್ದು ಅಟ್ಟೆ ಮಾತ್ರ ಕೆಂಪಗೆ ಎದ್ದು ಕಂಡರೆ ಅದು ಲೂಬುಟಾನ್ ಗುರುತು. ಇಡೀ ಶೂ ಕೆಂಪಾಗಿದ್ದರೆ ಅಲ್ಲ. ನನಗೇನೋ ಇದು ಸರಿಯಾದ ತೀರ್ಪು ಅನ್ನಿಸುತ್ತೆ, ಯಾಕಂದರೆ ಟ್ರೇಡ್‌ಮಾರ್ಕ್ ಕೇಸಿನಲ್ಲಿ ಯಾರು ಯಾರನ್ನು ನೋಡಿ ಕಾಪಿ ಹೊಡೆದರು ಅನ್ನುವುದು ಮುಖ್ಯ ಪ್ರಶ್ನೆಯೇ ಅಲ್ಲ. ಇದು ಯಾರ ಮಾಲು ಅಂತ ಕೊಳ್ಳುವವರಿಗೆ ಗೊಂದಲ ಆಗುತ್ತಾ, ಅಷ್ಟೇ.

ಒಂದೇ ಅಟ್ಟೆ, ದೇಶಕ್ಕೊಂದು ನ್ಯಾಯ ಅನ್ನುವುದೂ ನಿಜ. ಯೂರೋಪಿನ ದೊಡ್ಡ ಕೋರ್ಟು 2018ರಲ್ಲಿ ಲೂಬುಟಾನ್ ಪರ ನಿಂತಿತು. ಜಪಾನಿನಲ್ಲಿ 2022ರ ಕೊನೆಗೆ ಅವರೇ ಸೋತರು. ಅಲ್ಲಿ ಎದುರಾಳಿ ಮಾರುತ್ತಿದ್ದದ್ದು ಕೆಂಪು ರಬ್ಬರ್ ಅಟ್ಟೆಯ, ತುಂಬಾ ಕಡಿಮೆ ಬೆಲೆಯ ಶೂ. ಅಷ್ಟು ದುಬಾರಿ ಶೂ ಕೊಳ್ಳುವವರು ಇದನ್ನು ನೋಡಿ ಮೋಸಹೋಗುವುದಿಲ್ಲ ಅಂತ ಕೋರ್ಟಿಗೆ ಅನ್ನಿಸಿತು.

ಪ್ರಶ್ನೆ: ಅಡಿಡಾಸ್‌ನಂಥ ದೈತ್ಯ ಕಂಪನಿ ಒಬ್ಬ ಡಿಸೈನರ್ ಮುಂದೆ ಪಟ್ಟೆಗಳ ಕೇಸಿನಲ್ಲಿ ಸೋತದ್ದು ಹೇಗೆ?

ಉತ್ತರ: ತಡ ಮಾಡಿದ್ದೂ ಒಂದು ಕಾರಣ ಅಂತ ನನ್ನ ಲೆಕ್ಕ. ಆ ಡಿಸೈನರ್ ಥಾಮ್ ಬ್ರೌನ್ ಮೊದಲು ತಮ್ಮ ಬಟ್ಟೆಗಳಿಗೆ ಅಡಿಡಾಸ್ ಗುರುತಿನ ಹಾಗೆಯೇ ಮೂರು ಪಟ್ಟೆ ಹಾಕುತ್ತಿದ್ದರು. 2007ರಲ್ಲಿ ಅಡಿಡಾಸ್ ಆಕ್ಷೇಪ ಎತ್ತಿತು, ಅವರು ಸುಮ್ನೆ ನಾಲ್ಕಕ್ಕೆ ಹೋದರು. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ನಾಲ್ಕು ಪಟ್ಟೆ ಎಲ್ಲರ ಕಣ್ಣೆದುರೇ ಓಡಾಡಿದವು. ಬ್ರೌನ್ ಕಂಪನಿ ಕ್ರೀಡಾ ಉಡುಪಿನ ಕಡೆಗೂ ಕಾಲಿಟ್ಟ ಮೇಲೆ, 2021ರಲ್ಲಿ ಅಡಿಡಾಸ್ ಕೋರ್ಟಿಗೆ ಹೋಯಿತು. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ, ನಮ್ಮ ಗಿರಾಕಿಗಳೇ ಬೇರೆ, ಬೆಲೆಯೇ ಬೇರೆ ಅಂತ ಬ್ರೌನ್ ಕಡೆಯವರು ವಾದಿಸಿದರು. 2023ರ ಜನವರಿಯಲ್ಲಿ ನ್ಯೂಯಾರ್ಕಿನ ಜ್ಯೂರಿ ಬ್ರೌನ್ ಪರ ತೀರ್ಪು ಕೊಟ್ಟಿತು. ದೊಡ್ಡ ಕಂಪನಿಗಳು ಸಣ್ಣಪುಟ್ಟದ್ದಕ್ಕೆಲ್ಲ ನೋಟಿಸ್ ಕಳಿಸುವುದನ್ನು ನಾವು ದಬ್ಬಾಳಿಕೆ ಅಂತೀವಲ್ಲ, ಅರ್ಧ ದಬ್ಬಾಳಿಕೆ ಹೌದು, ಇನ್ನರ್ಧ ಹೀಗೆ ಸುಮ್ಮನಿದ್ದು ಕೆಟ್ಟೆವು ಅನ್ನಿಸಿಕೊಳ್ಳುವ ಭಯ.

ಪ್ರಶ್ನೆ: ನನ್ನ ಹೆಸರಿನಲ್ಲೇ ಬಟ್ಟೆ ಬ್ರ್ಯಾಂಡ್ ಮಾಡಬೇಕು ಅಂತಿದ್ದೀನಿ. ನನ್ನ ಹೆಸರನ್ನು ನನ್ನಿಂದ ಯಾರು ಕಿತ್ಕೊಳ್ತಾರೆ?

ಉತ್ತರ: ಯಾರೂ ಕಿತ್ತುಕೊಳ್ಳಬೇಕಿಲ್ಲ, ನೀವೇ ಮಾರುತ್ತೀರಿ! ಜೋ ಮಲೋನ್ 1999ರಲ್ಲಿ ತಮ್ಮ ಸುಗಂಧದ ಕಂಪನಿಯನ್ನು ಎಸ್ಟೀ ಲಾಡರ್‌ಗೆ ಮಾರಿದರು. 2006ರಲ್ಲಿ ಹೊರಬಂದರು. 2011ರಲ್ಲಿ ಮತ್ತೆ ವ್ಯಾಪಾರ ಶುರು ಮಾಡುವಾಗ ತಮ್ಮದೇ ಹೆಸರು ಹಾಕಿಕೊಳ್ಳುವಂತಿರಲಿಲ್ಲ, ‘ಜೋ ಲವ್ಸ್’ ಅಂತ ಇಟ್ಟರು. ಹ್ಯಾಂಡ್‌ಬ್ಯಾಗ್ ಡಿಸೈನರ್ ಕೇಟ್ ಸ್ಪೇಡ್ ಕಥೆಯೂ ಹೆಚ್ಚುಕಡಿಮೆ ಇದೇ, ಅವರ ಎರಡನೇ ಬ್ರ್ಯಾಂಡಿನ ಹೆಸರು ಫ್ರಾನ್ಸಿಸ್ ವ್ಯಾಲೆಂಟೈನ್. ಪಾವ್ಲೊ ಗುಚ್ಚಿ ಅಂತೂ ಸಂಸ್ಥಾಪಕರ ಮೊಮ್ಮಗ. ವಿನ್ಯಾಸ ತನ್ನದು ಅಂತ ಹೇಳಿಕೊಳ್ಳಬಹುದು, ಆದರೆ ‘ಗುಚ್ಚಿ’ಯನ್ನು ಬ್ರ್ಯಾಂಡ್ ಆಗಿ ಬಳಸುವಂತಿಲ್ಲ ಅಂತ 1988ರಲ್ಲಿ ಅಮೆರಿಕದ ಕೋರ್ಟು ಹೇಳಿತು. ಮನೆತನದ ಹೆಸರೇ ಮನೆಮಗನಿಗೆ ದಕ್ಕದಂತಾಯಿತು ಅಲ್ವಾ?

ಬೇಡ ಅನ್ನುತ್ತಿಲ್ಲ. ಹೂಡಿಕೆ ಮಾಡುವವರು ಬಂದು ಒಪ್ಪಂದ ಮುಂದಿಟ್ಟಾಗ ‘ಹೆಸರಿನ ಹಕ್ಕು’ ಅನ್ನುವ ಸಾಲನ್ನು ವಕೀಲರ ಜೊತೆ ಕೂತು ಓದಿ. ಕಂಪನಿ ಬಿಟ್ಟ ಮೇಲೆ ‘ಇಂಥವರು ವಿನ್ಯಾಸ ಮಾಡಿದ್ದು’ ಅಂತ ಲೇಬಲ್ಲಿನ ಮೂಲೆಯಲ್ಲಾದರೂ ಹಾಕಿಕೊಳ್ಳಬಹುದಾ ಅಂತ ಆಗಲೇ ಕೇಳಿ, ಬರೆಸಿಕೊಳ್ಳಿ. ಇಲ್ಲಾ, ನಿಮ್ಮದಲ್ಲದ ಒಂದು ಒಳ್ಳೆ ಹೆಸರು ಹುಡುಕಿ ನೋಂದಣಿ ಮಾಡಿಸಿ. ಮುಂದೆ ಅದನ್ನು ಮಾರಿದರೂ ಅಷ್ಟು ಸಂಕಟ ಆಗುವುದಿಲ್ಲ.

ಪ್ರಶ್ನೆ: ಲೂಯಿ ವ್ಯುಟಾನ್ ಹೆಸರನ್ನು ಗೇಲಿ ಮಾಡಿ ನಾಯಿ ಆಟಿಕೆ ಮಾಡಿದವರು ಗೆದ್ದರಂತೆ, ಹೌದಾ?

ಉತ್ತರ: ಹೌದು, 2007ರಲ್ಲಿ. ಆಟಿಕೆಯ ಹೆಸರು ‘ಚ್ಯೂವಿ ವ್ಯುಟಾನ್’. ಅದನ್ನು ಅಸಲಿ ಅಂತ ಯಾರೂ ನಂಬೋದಿಲ್ಲ ಅನ್ನುವುದೇ ಅವರನ್ನು ಕಾಪಾಡಿತು. ಆದರೆ 2023ರಲ್ಲಿ ಇನ್ನೊಂದು ನಾಯಿ ಆಟಿಕೆ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವಿಸ್ಕಿ ಕಂಪನಿ ಜಾಕ್ ಡ್ಯಾನಿಯಲ್ಸ್ ಪರ ನಿಂತಿತು. ಗೇಲಿಯನ್ನೇ ನಿಮ್ಮ ಸ್ವಂತ ಬ್ರ್ಯಾಂಡ್ ಮಾಡಿಕೊಂಡು ಮಾರಿದರೆ ವಾಕ್ ಸ್ವಾತಂತ್ರ್ಯದ ವಿಶೇಷ ರಕ್ಷಣೆ ಸಿಗುವುದಿಲ್ಲ. ಹುಷಾರು.

ಪ್ರಶ್ನೆ: ನಕಲಿ ಬ್ಯಾಗ್ ಅಂತ ಗೊತ್ತಿದ್ದೇ ಕೊಂಡೆ. ನನಗೆ ಗೊಂದಲವೇ ಇಲ್ಲವಲ್ಲ, ಮತ್ತೆ ತಪ್ಪೇನು?

ಉತ್ತರ: ಜಾಣ ಪ್ರಶ್ನೆ. ನಿಮಗಿಲ್ಲ, ನಿಮ್ಮ ಹೆಗಲ ಮೇಲೆ ಅದನ್ನು ನೋಡುವವರಿಗೆ ಇದೆ. ಫ್ರಾನ್ಸಿನ ದುಬಾರಿ ಬ್ರ್ಯಾಂಡ್ ಎರ್ಮೆಸ್‌ನ ಬ್ಯಾಗಿನ ನಕಲು ಮಾರುತ್ತಿದ್ದವರ ಕೇಸಿನಲ್ಲಿ 2000ರಲ್ಲಿ ಅಮೆರಿಕದ ಕೋರ್ಟು ಹೇಳಿದ್ದು ಇದನ್ನೇ: ಮಾರಾಟ ಆದಮೇಲೆ ಹೊರಗೆ ಹುಟ್ಟುವ ಗೊಂದಲವೂ ಲೆಕ್ಕಕ್ಕೆ ಬರುತ್ತೆ. ಸಾಮಾನ್ಯವಾಗಿ ಇಂಥ ಕೇಸು ಬೀಳುವುದು ಮಾರುವವರ ಮೇಲೆ. ಆದರೆ ಇಟಲಿಗೆ ಪ್ರವಾಸ ಹೋದಾಗ ಬೀದಿಬದಿಯಲ್ಲಿ ಚೌಕಾಸಿಗೆ ಇಳಿಯಬೇಡಿ, ಅಲ್ಲಿ ಕೊಂಡವರಿಗೂ 7,000 ಯೂರೊವರೆಗೆ ದಂಡ ಹಾಕುವ ಕಾನೂನಿದೆ.